ನಾಲ್ಕು ಸೀಟಿಯ ಎಣ್ಣೆಗಾಯಿ

ಷಿಕಾಗೊ ಹತ್ತಿರದ ಡೆಸ್ ಪ್ಲೇನ್ಸ್‌ನ ಆಫೀಸಿನಲ್ಲಿ ನನ್ನ ಮೇಜಿನ ಡ್ರಾಯರು ತೆಗೆದರೆ ಇರಬೇಕಾದದ್ದೆಲ್ಲ ಇದೆ. ನಾಲ್ಕು ಥರ್ಮಾಮೀಟರು, ಒಂದು ಡಬ್ಬಿ ಕೈಗವಸು, ತಲೆಗೆ ಹಾಕುವ ಬಲೆಯ ಟೋಪಿ, ತಿಂಡಿ ತಪ್ಪಿದ ದಿನಕ್ಕೆ ಎಂದು ಇಟ್ಟುಕೊಂಡ ಕೋಡುಬಳೆ. ಇರಬಾರದ್ದು ಒಂದೇ ಒಂದು. ಪ್ರೆಶರ್ ಕುಕ್ಕರಿನ ತಲೆಯ ಮೇಲೆ ಕೂರುವ ವೆಯಿಟ್ಟು. ಕಪ್ಪು ಹಿಡಿದ, ಅಂಚಿನಲ್ಲಿ ಚೂರು ಕಚ್ಚು ಬಿದ್ದ ಹಳೆಯ ವೆಯಿಟ್ಟು. ಅದರ ಕುಕ್ಕರು ಇಲ್ಲಿಂದ ಇನ್ನೂರ ಎಂಬತ್ತು ಮೈಲಿ ದೂರದಲ್ಲಿ, ಮಿಷಿಗನ್ನಿನ ಕ್ಯಾಂಟನ್‌ನಲ್ಲಿದೆ.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಅಮೆರಿಕನ್ ಹುಡುಗಿಯೊಬ್ಬಳು ಪೆನ್ನು ಹುಡುಕುತ್ತಾ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಇದು ಯಾವ ಯಂತ್ರದಿಂದ ಕಳಚಿ ಬಿದ್ದದ್ದು ಎಂದು ಕೇಳಿದಳು. ಯಂತ್ರದಿಂದಲ್ಲ, ನನ್ನ ಬಾಯಿಂದ ಎನ್ನಬೇಕೆನಿಸಿತು. ಆದರೆ ಆ ಕಥೆ ಹೇಳಲು ಒಂದು ಕಾಫಿಯ ಬಿಡುವು ಸಾಲದು. ನಿಮಗಾದರೆ ಹೇಳಬಹುದು. ನಿಮಗೆ ಕುಕ್ಕರು ಏನೆಂದು ವಿವರಿಸುವ ಕಷ್ಟವಿಲ್ಲ.

ನಮ್ಮ ಅಡುಗೆಮನೆಗಳಲ್ಲಿ ಹೊತ್ತನ್ನು ನಿಮಿಷದಲ್ಲಿ ಅಳೆಯುವ ಪದ್ಧತಿಯೇ ಇರಲಿಲ್ಲ. ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು, ನೆನೆಸಲು ಮರೆತ ಕಡಲೆಕಾಳಿಗೆ ದೇವರು ಕೊಟ್ಟಷ್ಟು. ಮೈಸೂರಿನಲ್ಲಿ ನಾವಿದ್ದದ್ದು ಸಾಲುಮನೆ. ನಮ್ಮ ಅಡುಗೆಮನೆಗೂ ಪಕ್ಕದವರದಕ್ಕೂ ನಡುವೆ ಒಂದೇ ಗೋಡೆ. ಅಮ್ಮ ಕುಕ್ಕರು ಇಟ್ಟು ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದರೆ ಎಣಿಸುವ ಜವಾಬ್ದಾರಿ ನನ್ನದು. ನಾನೋ ಯಾವುದಾದರೂ ಕಾದಂಬರಿಯೊಳಗೆ ಮೂಗು ತೂರಿಸಿಕೊಂಡು ಕೂತವಳು. ಕೇಳಿದ ಕೂಗು ನಮ್ಮ ಮನೆಯದೋ ಪಕ್ಕದ ಮನೆಯದೋ ಎಂದು ಎದ್ದು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ನಾಲ್ಕಾಯಿತು ಎಂದರೆ ಒಲೆ ಆರಿಸಿಬಿಡುವುದು. ಮಧ್ಯಾಹ್ನ ಹುಳಿಯೊಳಗಿನ ಬೇಳೆ ತಟ್ಟೆಗೆ ತಾಗಿ ಟಣ್ ಎನ್ನುತ್ತಿತ್ತು. ಅಪ್ಪ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಪಕ್ಕದ ಮನೆಯವರ ಬೇಳೆ ಇವತ್ತು ಚೆನ್ನಾಗಿ ಬೆಂದಿರಬೇಕು ಎಂದು ಹೇಳಿ ಮಜ್ಜಿಗೆಗೆ ಹೋಗುತ್ತಿದ್ದರು. ಇಂಥವಳು ದೊಡ್ಡವಳಾಗಿ, ಆಹಾರ ಸಾಕಷ್ಟು ಬೆಂದಿದೆಯೇ ಎಂದು ನೋಡಿ ಸಹಿ ಹಾಕುವ ಕೆಲಸಕ್ಕೆ ಸೇರಿದ್ದು ಅಮ್ಮನಿಗೆ ಇವತ್ತಿಗೂ ನಂಬಿಕೆಯಾಗಿಲ್ಲ.

ಆ ಬೇಯದ ಬೇಳೆಯನ್ನು ನಮ್ಮ ಜೊತೆ ಕೂತು ಉಂಡವಳು ಸವಿತಾ. ಗದಗಿನ ಕಡೆಯವಳು. ಮೈಸೂರಿಗೆ ಡಾಕ್ಟರಿಕೆ ಓದಲು ಬಂದು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ತಿಂಗಳಿಗೊಮ್ಮೆ ಅವಳ ತಾಯಿ ನೀಲಮ್ಮನವರಿಂದ ಬಸ್ಸಿನಲ್ಲಿ ಒಂದು ಗಂಟು ಬರುತ್ತಿತ್ತು. ಬಿಳಿ ಪಂಚೆಯಲ್ಲಿ ಸುತ್ತಿದ, ಒಣಗಿಸಿದ ಜೋಳದ ಕಟಕ್ ರೊಟ್ಟಿಯ ಅಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಮೆಣಸಿನಕಾಯಿ. ತಿಂಗಳಿಟ್ಟರೂ ಒಂದು ಚೂರು ಬೂಸ್ಟು ಬರುತ್ತಿರಲಿಲ್ಲ. ಮುಂದೆ ನಾನು ಆಹಾರ ತಂತ್ರಜ್ಞಾನ ಓದುವಾಗ ಮೇಷ್ಟ್ರು ತರಗತಿಯಲ್ಲಿ, ನೀರಿನಂಶ ತೆಗೆ, ಉಪ್ಪು ಹಾಕು, ಹುಳಿ ಹಾಕು, ಸೂಕ್ಷ್ಮಜೀವಿ ಬಾಲ ಮುದುರಿಕೊಳ್ಳುತ್ತದೆ ಎಂದು ಒಂದು ವಾರ ಪಾಠ ಮಾಡಿದರು. ನೀಲಮ್ಮ ಅದನ್ನು ಒಂದು ಗಂಟಿನಲ್ಲಿ ಕಟ್ಟಿ ಕಳಿಸುತ್ತಿದ್ದರು. ಆ ಗಂಟಿನ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. ನಾನು ಮೊದಲ ಸಲ ಎಣ್ಣೆಗಾಯಿ ತಿಂದದ್ದೂ ಅವರ ಕೈಯಲ್ಲೇ. ಒಮ್ಮೆ ಮಗಳನ್ನು ನೋಡಲು ಬಂದಾಗ ನಮ್ಮ ಅಡುಗೆಮನೆಗೇ ನುಗ್ಗಿ, ಎಳೆಯ ಬದನೆಕಾಯಿಗೆ ಶೇಂಗಾ, ಎಳ್ಳು, ಹುಣಸೆ, ಖಾರ ತುಂಬಿ ಮಾಡಿ ಬಡಿಸಿದರು. ಅವತ್ತು ಅಪ್ಪ ಮಜ್ಜಿಗೆಗೆ ಹೋಗಲಿಲ್ಲ.

ಈಗ ಸವಿತಾ ಕ್ಯಾಂಟನ್‌ನಲ್ಲಿ ಮಕ್ಕಳ ಡಾಕ್ಟರು. ನೀಲಮ್ಮ ಹತ್ತು ವರ್ಷದಿಂದ ಅವಳ ಜೊತೆಗಿದ್ದಾರೆ. ನಾನು ಅವರನ್ನು ಇಲ್ಲಿಯ ರೂಢಿಯಂತೆ ಆಂಟಿ ಎನ್ನುತ್ತೇನೆ. ನಾನಿರುವುದು ಷಿಕಾಗೊ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ಹಬ್ಬಕ್ಕೆ ಒಮ್ಮೆ ನಾವು ಹೋಗುವುದು, ರಜೆಗೆ ಒಮ್ಮೆ ಅವರು ಬರುವುದು. ಮಿಷಿಗನ್ ಗಡಿ ದಾಟಿದ ಕೂಡಲೇ ಕಾರಿನ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ. ಎಷ್ಟು ಬೇಗ ಹೊರಟರೂ ಊಟಕ್ಕೆ ತಡವಾಗಿಯೇ ಮುಟ್ಟುವ ಊರು ಅದು.

ನನ್ನ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಬೇಕು. ಡಬ್ಬಿಯಲ್ಲಿ, ಚೀಲದಲ್ಲಿ ಮುಚ್ಚಿ, ಫ್ರಿಜ್ಜಿಲ್ಲದೆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂರುವ ಸಾರು, ಪಲ್ಯ, ಕಾಳುಗಳಿವೆಯಲ್ಲ, ಅವುಗಳಿಗೆ ಕಾರ್ಖಾನೆ ಕೊಟ್ಟ ಶಾಖ ಸಾಕೇ ಎಂದು ಅಳೆಯುವುದು ನಮ್ಮ ಲ್ಯಾಬು. ಇದೆಲ್ಲ ಒಂದು ಜಾತಿಯ ಸೂಕ್ಷ್ಮಜೀವಿಯ ಭಯಕ್ಕೆ. ಅದು ಮಣ್ಣಿನಲ್ಲಿ, ತರಕಾರಿಯ ಮೈಮೇಲೆ, ಎಲ್ಲೆಲ್ಲೂ ಇರುತ್ತದೆ. ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಅದರ ಬೀಜ ಕುದಿಯುವ ನೀರಿಗೂ ಜಗ್ಗುವುದಿಲ್ಲ, ಮುದುರಿ ಮಲಗಿರುತ್ತದೆ. ಹುಳಿ ಸಾಲದ, ತೇವವಿರುವ ಅಡುಗೆಯೊಳಗೆ, ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟರೆ, ಅದಕ್ಕೆ ಎಚ್ಚರವಾಗಿ ವಿಷ ಹುಟ್ಟುತ್ತದೆ. ವಾಸನೆ ಬರಲೇಬೇಕೆಂದಿಲ್ಲ, ರುಚಿ ಕೆಡಲೇಬೇಕೆಂದಿಲ್ಲ. ಒಂದು ತುತ್ತು ಸಾಕು, ಉಸಿರಾಡುವ ಶಕ್ತಿಯೇ ಸೋತುಹೋಗಬಹುದು. ಅದನ್ನು ಕೊಲ್ಲಲು ಹಬೆಯ ಒತ್ತಡದಲ್ಲಿ, ಇನ್ನೂರ ಐವತ್ತು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ, ಲೆಕ್ಕ ಹಾಕಿದಷ್ಟು ಹೊತ್ತು ಬೇಯಿಸಬೇಕು. ಅದೂ ಡಬ್ಬಿಯ ಹೊರಮೈಗಲ್ಲ. ಪ್ರತಿ ಡಬ್ಬಿಯೊಳಗೂ ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಒಂದು ಜಾಗ ಇರುತ್ತದೆ. ನಾವು ಅದನ್ನು ತಣ್ಣನೆಯ ಜಾಗ ಎನ್ನುತ್ತೇವೆ. ಅದನ್ನು ಹುಡುಕಿ, ಅಲ್ಲಿಗೆ ಅಂಗಿಯ ಗುಂಡಿಯಷ್ಟು ಚಿಕ್ಕ ಶಾಖಮಾಪಕ ಇಟ್ಟು ನೋಡುವುದೇ ನನ್ನ ಹೊಟ್ಟೆಪಾಡು.

ಇಷ್ಟೆಲ್ಲ ತಿಳಿದವಳ ಮನೆಯ ಶಿಸ್ತು ಹೇಗಿರಬಹುದು ಎಂದು ನೀವು ಕೇಳಬಾರದು. ಅಂಗಡಿಯಿಂದ ತಂದ ಹಾಲು ಪಾಶ್ಚರೀಕರಿಸಿದ್ದು, ಮತ್ತೆ ಕಾಯಿಸುವ ಅಗತ್ಯ ಕಿಂಚಿತ್ತೂ ಇಲ್ಲ ಎಂದು ಹತ್ತು ಜನರಿಗೆ ಹೇಳುತ್ತೇನೆ. ಮನೆಗೆ ಬಂದು ಆ ಗ್ಯಾಲನ್ ಹಾಲನ್ನು ಪಾತ್ರೆಗೆ ಬಗ್ಗಿಸಿ ಉಕ್ಕಿಸುತ್ತೇನೆ. ಕಾಯಿಸದ ಹಾಲು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ವರ್ಷ ಉಪ್ಪಿನಕಾಯಿಯ ಜಾಡಿಗೆ ಅಮ್ಮನ ಹಾಗೆ ಇಂಗಿನ ಹೊಗೆ ಹಿಡಿಯೋಣ ಎಂದು ಹೊರಟೆ. ಕೆಂಡ ಎಲ್ಲಿಂದ ತರುವುದು? ಕಾದ ಬಾಣಲೆಗೇ ಇಂಗು ಉದುರಿಸಿ ಜಾಡಿಯನ್ನು ಮಗುಚಿ ಹಿಡಿದೆ. ಜಾಡಿಗಿಂತ ಮೊದಲು ಸ್ಮೋಕ್ ಅಲಾರಮ್ಮಿಗೆ ಹೊಗೆ ಹಿಡಿಯಿತು. ನನ್ನ ಗಂಡ ಕುರ್ಚಿ ಹತ್ತಿ ಟವೆಲಿನಿಂದ ಗಾಳಿ ಬೀಸುತ್ತಾ, ಸೂಕ್ಷ್ಮಜೀವಿಗಳು ಸತ್ತವೋ ಇಲ್ಲವೋ, ಬಡಾವಣೆಯ ನಾಯಿಗಳೆಲ್ಲ ಎದ್ದವು ಎಂದರು. ಇಷ್ಟಾಗಿಯೂ ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂಬುದು ನನ್ನ ಪಾಂಡಿತ್ಯದ ಫಲವಲ್ಲ.

ಎರಡು ವರ್ಷದ ಹಿಂದಿನ ದೀಪಾವಳಿ. ಕ್ಯಾಂಟನ್‌ನಲ್ಲಿ ಸವಿತಾಳ ಮನೆಯ ತುಂಬ ಜನ. ಸವಿತಾ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ನಾನು ಸೋಫಾದ ಮೇಲೆ, ಕೈಯಲ್ಲಿ ತಟ್ಟೆ, ಎದುರಿಗೆ ಆರೇಳು ಜನ. ಆಗ ನೀಲಮ್ಮ ಆಂಟಿ, ಇಷ್ಟು ವರ್ಷವಾಯಿತು, ನಿನ್ನ ಕೆಲಸ ಏನು ಅಂತ ನನಗೆ ಇನ್ನೂ ತಿಳಿದಿಲ್ಲ, ಒಂದಿಷ್ಟು ಬಿಡಿಸಿ ಹೇಳು ಎಂದರು. ಕೇಳಿದ್ದು ಕುತೂಹಲದಿಂದ. ನಾನು ಉತ್ತರಿಸಿದ್ದು ಸಭೆಯನ್ನು ನೋಡಿ. ನಗಿಸುವ ಚಪಲ ನನ್ನದು, ಹುಟ್ಟುಗುಣ.

"ಏನಿಲ್ಲ ಆಂಟಿ, ನಮ್ದೂ ಕುಕ್ಕರೇ, ಸ್ವಲ್ಪ ದೊಡ್ಡದು ಅಷ್ಟೆ. ಅಡುಗೇನ ಬಾಟ್ಲಿಗೆ ತುಂಬಿ, ಮುಚ್ಚಳ ಹಾಕಿ, ಒಳಗಿಟ್ಟು ನಾಲ್ಕು ವಿಷಲ್ ಹಾಕಿಸ್ತೀವಿ. ಇರೋ ಬರೋ ಹುಳ ಎಲ್ಲ ಸಾಯತ್ತೆ. ಆಮೇಲೆ ಎರಡು ವರ್ಷ ಹೊರಗಿಟ್ರೂ ಕೆಡಲ್ಲ. ಇದಕ್ಕೆ ಸಂಬಳ ಬೇರೆ ಕೊಡ್ತಾರೆ."

ಎಲ್ಲರೂ ನಕ್ಕರು. ನಾನು ಖುಷಿಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಆಂಟಿ ನಗಲಿಲ್ಲ. ತಲೆ ಆಡಿಸುತ್ತಾ, ನಾಕು ಸೀಟಿ ಎಂದು ಒಂದು ಸಲ ಮೆಲ್ಲಗೆ ಹೇಳಿಕೊಂಡರು. ಅವರ ಕಡೆ ಕುಕ್ಕರಿನ ಕೂಗಿಗೆ ಸೀಟಿ ಎನ್ನುತ್ತಾರೆ. ಅದನ್ನು ನಾನು ಕೇಳಿಸಿಕೊಂಡೆ, ಗಮನಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯ ಗೋಡೆಯ ಮೇಲೆ ಬರೆದಿತ್ತು. ನಾನು ಆ ಗೋಡೆಗೇ ಒರಗಿ ಕೂರುತ್ತಿದ್ದವಳು, ಬರಹ ಬೆನ್ನ ಹಿಂದಿತ್ತು.

ಮುಂದಿನ ವರ್ಷ ಸೆಪ್ಟೆಂಬರ್. ಮಿಷಿಗನ್ನಿನ ಒಂದು ಕಾರ್ಖಾನೆಯಲ್ಲಿ ಎರಡು ದಿನದ ಪರೀಕ್ಷೆ ಮುಗಿಸಿ, ಶುಕ್ರವಾರ ಮಧ್ಯಾಹ್ನ ಹಾಗೇ ಕ್ಯಾಂಟನ್‌ಗೆ ಹೋದೆ. ಸವಿತಾ ಆಸ್ಪತ್ರೆಯಲ್ಲಿದ್ದಳು. ಅವಳ ಮಗಳು ಮೇಘನಾ ಮೂರು ವಾರದ ಹಿಂದಷ್ಟೇ ಕಾಲೇಜಿಗೆಂದು ಷಿಕಾಗೊಗೆ ಹೋಗಿದ್ದಳು. ಮನೆಯಲ್ಲಿ ಆಂಟಿ ಒಬ್ಬರೇ. ಚಹಾ ಕುಡಿಸಿ, ನಿನಗೊಂದು ತೋರಿಸಬೇಕು ಬಾ ಎಂದು ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು. ಮೊಣಕಾಲು ನೋವಿನ ಆಂಟಿ ಅವತ್ತು ಮೆಟ್ಟಿಲನ್ನು ನನಗಿಂತ ಮೊದಲು ಇಳಿದರು.

ಗೋಡೆಯ ಹಲಗೆಯ ಮೇಲೆ ಸಾಲಾಗಿ ಹದಿನಾರು ಗಾಜಿನ ಜಾರು. ಇಲ್ಲಿಯವರು ಟೊಮೆಟೊ, ಪೀಚ್ ಹಾಕಿಡುವ, ಚಪ್ಪಟೆ ಲೋಹದ ಮುಚ್ಚಳದ ಜಾರುಗಳು. ಪ್ರತಿಯೊಂದರಲ್ಲೂ ಹಿತ್ತಿಲಲ್ಲಿ ಬೆಳೆದ ಪುಟ್ಟ ಬದನೆಯ ಎಣ್ಣೆಗಾಯಿ, ಮೇಲೆ ಎರಡು ಬೆರಳು ಎಣ್ಣೆ. ಪ್ರತಿಯೊಂದರ ಮೇಲೂ ಅಂಟುಪಟ್ಟಿ, ಅದರಲ್ಲಿ ಅವರ ದುಂಡನೆಯ ಅಕ್ಷರ: ಎಣ್ಣಿಗಾಯಿ, ಮೇಘನಾಗ, ನಾಕು ಸೀಟಿ. ಕೆಳಗೆ ತಾರೀಖು. ಮೊದಲ ತಾರೀಖಿಗೆ ತಿಂಗಳ ಮೇಲಾಗಿತ್ತು. ಫ್ರಿಜ್ಜಿನಲ್ಲಿ ಜಾಗ ಹಿಡಿಯುವುದು ಬೇಡ ಎಂದು ಇಲ್ಲಿಟ್ಟಿದ್ದರು.

"ನೀನ ಹೇಳಿದ್ದೆಲ್ಲ, ನಾಕು ಸೀಟಿ ಹೊಡಿಸಿದ್ರ ಹುಳ ಎಲ್ಲಾ ಸಾಯ್ತಾವು ಅಂತ. ಹಂಗ ಮಾಡೀನಿ" ಎಂದರು ಆಂಟಿ. ಒಂದು ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಅದು ಒಳಕ್ಕೆ ಎಳೆದುಕೊಂಡು ಕೂತಿತ್ತು, ಕದಲಲಿಲ್ಲ. "ನೋಡಿಲ್ಲೆ, ಒಳಗ ಗಾಳಿ ಸೈತ ಇಲ್ಲ."

ಗಾಳಿ ಇಲ್ಲದಿರುವುದೇ ನನ್ನ ಹೆದರಿಕೆ. ಹುಣಸೆ ಹಾಕಿದ್ದಾರೆ ನಿಜ, ಆದರೆ ರುಚಿಗೆ ಹಾಕಿದಷ್ಟು. ಕಟಕ್ ರೊಟ್ಟಿಯಲ್ಲಿ ಎಂದೂ ತಪ್ಪು ಮಾಡದ ಕೈ ಅದು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತರೆ ಕೆಡುವುದಿಲ್ಲ ಎಂದು ಬಲ್ಲ ಕೈ. ಆ ಹಳೆಯ ತಿಳಿವಳಿಕೆಗೆ ನನ್ನ ಹೊಸ ತಮಾಷೆ ಸೇರಿ ಈ ಹದಿನಾರು ಜಾರು ಹುಟ್ಟಿದ್ದವು. ಹದಿನಾರೇನಾ ಮಾಡಿದ್ದು ಎಂದು ಕೇಳಿದೆ. ಹದಿನೆಂಟು, ಎರಡು ಮೇಘನಾ ಒಯ್ದಾಳ ಎಂದರು. ಬಹಳ ಚೆನ್ನಾಗಿದೆ ಆಂಟಿ ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಹೊಗಳಿಕೆ.

ಆಫೀಸಿಗೆ ಒಂದು ಫೋನು ಮಾಡಬೇಕು ಎಂದು ಸುಳ್ಳು ಹೇಳಿ ಮನೆಯ ಹಿಂದಿನ ಮರದ ಡೆಕ್ಕಿಗೆ ಹೋದೆ. ಮೇಘನಾ ಫೋನು ಎತ್ತಲಿಲ್ಲ. ಈ ಮಕ್ಕಳು ಫೋನು ಎತ್ತುವುದಿಲ್ಲ, ಗೊತ್ತಲ್ಲ, ಅದೇನಿದ್ದರೂ ಅಕ್ಷರದಲ್ಲೇ ಮಾತಾಡಬೇಕು. ಅಜ್ಜಿಯ ಜಾರು ತೆರೆಯಬೇಡ, ತೆರೆದಿದ್ದರೆ ಕೂಡಲೇ ತಿಳಿಸು ಎಂದು ಮೆಸೇಜು ಹಾಕಿದೆ. ಡೆಕ್ಕಿನ ಕೆಳಗೆ ಬದನೆಯ ಪಾತಿ. ಗಿಡಗಳಲ್ಲಿ ಇನ್ನೂ ಕಾಯಿ ಇತ್ತು, ಅಂದರೆ ಇನ್ನೂ ಜಾರುಗಳಾಗುವುದಿತ್ತು. ನಲವತ್ತು ನಿಮಿಷ ಕಾದೆ. ಕೆಲಸದಲ್ಲಿ ನಲವತ್ತು ನಿಮಿಷ ಎಂದರೆ ಒಂದು ಗ್ರಾಫಿನ ಗೆರೆ. ಅಲ್ಲಿ ಕೂತು ಅದು ಎಷ್ಟು ಉದ್ದ ಎಂದು ತಿಳಿಯಿತು. ಆ ಹುಡುಗಿ ಹುಟ್ಟಿದ ವಾರವೇ ಅವಳನ್ನು ಎತ್ತಿಕೊಂಡವಳು ನಾನು.

ಕ್ಲಾಸು ಮುಗಿಸಿ ಅವಳೇ ಫೋನು ಮಾಡಿದಳು. ಮೊದಲ ಜಾರನ್ನು ಹಾಸ್ಟೆಲಿಗೆ ಹೋದ ಸಂಜೆಯೇ ರೂಮ್‌ಮೇಟುಗಳ ಜೊತೆ ಟೋರ್ಟಿಯಾ ರೊಟ್ಟಿಗೆ ಹಚ್ಚಿಕೊಂಡು ಖಾಲಿ ಮಾಡಿದ್ದಳಂತೆ. ಮೂರು ವಾರವಾಗಿದೆ, ಎಲ್ಲರೂ ಗಟ್ಟಿಯಾಗಿದ್ದಾರೆ. ಎರಡನೆಯದು ಕಿಟಕಿಯ ಕಟ್ಟೆಯ ಮೇಲಿದೆ, ಮೊದಲ ಪರೀಕ್ಷೆಯ ದಿನಕ್ಕೆ ಎಂದು ಇಟ್ಟಿದ್ದಾಳೆ. ಪರೀಕ್ಷೆ ಸೋಮವಾರ. "ಇಟ್ಸ್ ಸ್ಟಿಲ್ ಕ್ಲೋಸ್ಡ್, ಆಂಟಿ" ಎಂದಳು. ನಾನು ಉಸಿರು ಬಿಟ್ಟು ಎಲ್ಲ ವಿವರಿಸಿದೆ. ತೆರೆಯದೆ ಎರಡು ಚೀಲದಲ್ಲಿ ಸುತ್ತಿ ಹೇಗೆ ಕಸಕ್ಕೆ ಹಾಕಬೇಕು ಎಂದು ಹೇಳಿದೆ. ಎಲ್ಲ ಕೇಳಿಕೊಂಡು ಅವಳು ಕೇಳಿದ್ದು ಒಂದೇ: "ಡಸ್ ಅಜ್ಜಿ ನೋ?"

ಅಜ್ಜಿಗೆ ಗೊತ್ತಿರಲಿಲ್ಲ. ಸಂಜೆ ಸವಿತಾ ಬಂದಾಗ ಅವಳಿಗೆ ಹೇಳಿದೆ. ಡಾಕ್ಟರಿಗೆ ಎರಡನೆಯ ವಾಕ್ಯ ಬೇಕಾಗಲಿಲ್ಲ, ನೇರ ಫೋನಿಗೆ ಕೈಹಾಕಿದಳು. ಮಗಳ ಜೊತೆ ತಾನೂ ಮಾತಾಡಿ ಬಂದು, ಆ ದೀಪಾವಳಿಯ ದಿನ ನಾನು ಅಡುಗೆಮನೆಯಲ್ಲಿರುವಾಗ ನೀನು ಇದನ್ನಾ ಹೇಳ್ತಾ ಕೂತಿದ್ದೆ ಎಂದಳು. ಆಮೇಲೆ ಇಬ್ಬರೂ ಸೇರಿ ಕಳ್ಳಯೋಚನೆ ಮಾಡಿದೆವು. ಲ್ಯಾಬಿಗೆ ಬೇಕು ಎಂದು ನಾನು ಹದಿನಾರನ್ನೂ ಕಾರಿಗೆ ಹಾಕಿಕೊಂಡು ಹೋಗುವುದು, ಎರಡು ವಾರ ಬಿಟ್ಟು ಎಲ್ಲರೂ ತಿಂದು ಮೆಚ್ಚಿದರು ಎಂದು ಫೋನು ಮಾಡುವುದು. ಎಷ್ಟು ಸಲೀಸು. ಆದರೆ ಮೆಚ್ಚಿದರು ಎಂದರೆ ಆಂಟಿ ಇನ್ನೂ ಹದಿನೆಂಟು ಮಾಡುತ್ತಾರೆ. ಗಿಡದಲ್ಲಿ ಕಾಯಿ ಬೇರೆ ಇದೆ. ನಾನೇ ಹೇಳುತ್ತೇನೆ, ಬೆಳಿಗ್ಗೆ ಎಂದೆ.

ಬೆಳಿಗ್ಗೆ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೆ ತೋರಿಸಿದೆ. ಆಂಟಿ, ಇನ್ನೊಂದು ಜಾರು ಮಾಡೋಣ, ನೀವು ಮಾಡಿದ ಹಾಗೇ ಮಾಡಿ, ನಾನು ಅಳೆದು ನೋಡ್ತೀನಿ ಎಂದೆ. ಅವರು ಉತ್ಸಾಹದಿಂದ ಮಾಡಿದರು. ಬಿಸಿ ತುಂಬಿದರೆ ಗಾಜು ಸೀಳುತ್ತದೆ ಎಂದು ಎಣ್ಣೆಗಾಯಿಯನ್ನು ಪೂರ್ತಿ ಆರಿಸಿದರು. ಜಾರಿನ ನಟ್ಟನಡುವಿನ ಬದನೆಕಾಯಿಯ ಹೊಟ್ಟೆಯೊಳಗೆ, ಮಸಾಲೆಯ ಜೊತೆ, ಕಾರ್ಖಾನೆಯ ಪರೀಕ್ಷೆಗೆ ಒಯ್ದಿದ್ದ ನನ್ನ ಗುಂಡಿಯಂಥ ಶಾಖಮಾಪಕ ಹೂತೆ. ಅಂಥದೇ ಇನ್ನೊಂದನ್ನು ಹೊರಗೆ ಕುಕ್ಕರಿನ ನೀರಿಗೆ ಹಾಕಿದೆ. ಕುಕ್ಕರು ಗದಗಿನಿಂದ ಅವರ ಜೊತೆಗೇ ಬಂದದ್ದು. ನಾಲ್ಕು ಸೀಟಿಯಾಯಿತು. ಈ ಸಲ ನಾನು ಎದುರಿಗೇ ನಿಂತು ಎಣಿಸಿದೆ.

ತಣಿದ ಮೇಲೆ ಎರಡನ್ನೂ ತೆಗೆದು ಲ್ಯಾಪ್‌ಟಾಪಿಗೆ ಹಚ್ಚಿ ಆಂಟಿಯ ಮುಂದೆ ಇಟ್ಟೆ. ಒಂದು ಕೆಂಪು ಗೆರೆ ಸರ್ರನೆ ಮೇಲೇರಿ ಇನ್ನೂರ ಐವತ್ತರ ಹತ್ತಿರ ನಿಂತಿತ್ತು. ಇದು ನೀರು. ಇನ್ನೊಂದು ನೀಲಿ ಗೆರೆ ಗುಡ್ಡ ಹತ್ತುವ ಮುದುಕಿಯ ಹಾಗೆ ಮೆಲ್ಲಗೆ ಮೇಲೆ ಬರುತ್ತಾ ಇನ್ನೂರನ್ನೂ ಮುಟ್ಟದೆ ಕೆಳಗಿಳಿದಿತ್ತು. ಇದು ಬದನೆಕಾಯಿಯ ಹೊಟ್ಟೆ. ಸೀಟಿ ಹೊಡೆಯುವುದು ಹೊರಗಿನ ಹಬೆ ಆಂಟಿ, ಒಳಗೆ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ ಎಂದೆ. ಆ ಬೀಜದ ಕಥೆಯನ್ನೂ, ಅದಕ್ಕೆ ಗಾಳಿಯಿಲ್ಲದ ಜಾಗವೇ ಇಷ್ಟ ಎಂಬುದನ್ನೂ ಹೇಳಿದೆ. ಆಂಟಿ ನೀಲಿ ಗೆರೆಯನ್ನೇ ನೋಡುತ್ತಿದ್ದರು. ಶಾಲೆ ಕಂಡದ್ದು ನಾಲ್ಕನೇ ಇಯತ್ತೆಯ ತನಕ. ಗೆರೆ ಅರ್ಥವಾಗಲು ಅಷ್ಟು ಸಾಕಾಯಿತು.

"ಹಂಗಾದ್ರ ನಾ ನಮ್ಮ ಕೂಸಿಗೆ ಇಸಾ ಕಟ್ಟಿ ಕಳಿಸಿದ್ನೇನು?"

ಮೇಘನಾ ಚೆನ್ನಾಗಿದ್ದಾಳೆ, ಇನ್ನೊಂದು ಜಾರು ತೆರೆದಿಲ್ಲ, ನಿನ್ನೆಯೇ ಮಾತಾಡಿದೆ ಎಂದು ಗಡಿಬಿಡಿಯಲ್ಲಿ ಹೇಳಿದೆ. ಸವಿತಾ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. "ಕಳಿಸಿದ್ದು ನೀವಲ್ಲ ಆಂಟಿ, ನಾನು. ಅವತ್ತು ನಾನು ಹೇಳಿದ್ದು ತಮಾಷೆಗೆ" ಎಂದೆ.

ಆಂಟಿ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಿತ್ತು. ಅವರು ನಿಜವಾಗಿಯೂ ತಿಳಿಯದೆ, ತಿಳಿದುಕೊಳ್ಳಬೇಕೆಂದು, ನನ್ನ ಮುಖ ನೋಡಿ ಕೇಳಿದರು.

"ನೀ ಕಲ್ತಾಕಿ. ಕಲ್ತವರು ತಮ್ಮ ಕೆಲಸದ ಮಾತು ಆಡೂವಾಗ ಅದು ಚಾಷ್ಟಿ ಅಂತ ನಾವು ಹೆಂಗ ತಿಳ್ಕೊಳ್ಳೋದವಾ?"

ನಾನು ಲ್ಯಾಪ್‌ಟಾಪು ಮುಚ್ಚಿದೆ.

ಆಮೇಲೆ ಆಂಟಿ ಎದ್ದು ಸೆರಗು ಸಿಕ್ಕಿಸಿಕೊಂಡು ಬೇಸ್‌ಮೆಂಟಿಗೆ ಇಳಿದರು. ನಾವು ಚೀಲ ಹಿಡಿದೆವು, ಜಾರುಗಳನ್ನು ಇಟ್ಟದ್ದು ಅವರೇ, ಒಂದೊಂದನ್ನೂ ಎರಡೂ ಕೈಯಲ್ಲಿ. ತಟ್ಟೆಗೆ ಅಂಟಿದ ಅಗುಳನ್ನೂ ಬಿಡದೆ ಉಣ್ಣುವ ಹೆಂಗಸು. ಹತ್ತನೆಯದೋ ಹನ್ನೊಂದನೆಯದೋ ಜಾರು ಇಡುವಾಗ, ಈಗ ತೆಗೆದು ಮತ್ತೊಮ್ಮೆ ಕುದಿಸಿದರೆ ನಡೆಯುವುದಿಲ್ಲವೇ ಎಂದು ಕೇಳಿದರು. ನನಗೆ ಹೂಂ ಎನ್ನುವ ಆಸೆಯಾಯಿತು. ಅವರ ಕಣ್ಣು ಹಾಗಿತ್ತು. ಇಲ್ಲ ಆಂಟಿ ಎಂದೆ. ಅವತ್ತು ನಾನು ಆಡಿದ ಮಾತುಗಳಲ್ಲಿ ಅಷ್ಟು ಭಾರದ್ದು ಬೇರೆ ಇಲ್ಲ. ಅವರು ಮುಂದಿನ ಜಾರು ಎತ್ತಿಕೊಂಡರು.

ಹೊರಡುವಾಗ ಆಂಟಿ ನನ್ನ ಕೈಗೆ ಕಟಕ್ ರೊಟ್ಟಿಯ ಕಟ್ಟು ಕೊಟ್ಟರು. ಮೇಲೆ ಕುಕ್ಕರಿನ ವೆಯಿಟ್ಟು ಇಟ್ಟರು. ಹೊಸದು ಅಂಗಡಿಯಲ್ಲಿ ಸಿಗುತ್ತದೆ, ಇದು ನಿನ್ನ ಆಫೀಸಿನಲ್ಲಿರಲಿ, ಯಾರಾದರೂ ನಿನ್ನ ಕೆಲಸ ಏನು ಎಂದು ಕೇಳಿದರೆ ಮೊದಲು ಇದನ್ನು ಕೈಯಲ್ಲಿ ಹಿಡಿದುಕೋ, ಆಮೇಲೆ ಬಾಯಿ ತೆಗಿ ಎಂದರು. ಬೈದದ್ದು ಅಷ್ಟೇ. ಅಷ್ಟು ಹೊತ್ತು ಬೈಗುಳಕ್ಕೆ ಕಾದಿದ್ದ ನನಗೆ ಅದು ಸಾಲಲಿಲ್ಲ. ಕಾರಿನಲ್ಲಿ ಹೆದ್ದಾರಿಯ ಮೂರು ಎಕ್ಸಿಟ್ ದಾಟುವ ತನಕ ಅತ್ತೆ.

ಆ ಶಿಕ್ಷೆಯನ್ನು ನಾನೇ ಹೆಚ್ಚಿಸಿಕೊಂಡಿದ್ದೇನೆ. ಈಗ ಆಂಟಿಯ ಎಣ್ಣೆಗಾಯಿ ಫ್ರೀಜರಿಗೆ ಹೋಗುತ್ತದೆ. ನಾನು ಕ್ಯಾಂಟನ್‌ಗೆ ಹೋದಾಗಲೆಲ್ಲ ಐಸ್‌ಬಾಕ್ಸಿನಲ್ಲಿ ಹೊತ್ತು ತಂದು ಷಿಕಾಗೊದಲ್ಲಿ ಮೇಘನಾಳಿಗೆ ಮುಟ್ಟಿಸುವವಳು ನಾನು. ಅವಳ ಲ್ಯಾಪ್‌ಟಾಪಿನ ಬೆನ್ನ ಮೇಲೆ ಆ ಎರಡನೆಯ ಜಾರಿನ ಅಂಟುಪಟ್ಟಿ ಇದೆ. ಕನ್ನಡ ಓದಲು ಬಾರದ ಹುಡುಗಿ, ಕಸಕ್ಕೆ ಹಾಕುವ ಮುಂಚೆ ಅದನ್ನೊಂದನ್ನು ಬಿಡಿಸಿಕೊಂಡಿದ್ದಾಳೆ. ಏನು ಬರೆದಿದೆ ಎಂದು ನನ್ನನ್ನು ಕೇಳಿದಾಗ ಓದಿ ಹೇಳಿದೆ, ನಾಲ್ಕು ಸೀಟಿಯನ್ನೂ ಬಿಡದೆ.

ಕಳೆದ ದೀಪಾವಳಿಗೆ ಮತ್ತೆ ಅದೇ ಮನೆ, ಅದೇ ಸೋಫಾ. ಆಂಟಿ ಎದುರಿನ ಕುರ್ಚಿಯಲ್ಲಿದ್ದರು. ಹುಬ್ಬಳ್ಳಿಯಿಂದ ಹೊಸದಾಗಿ ಬಂದ ದಂಪತಿ ಪಕ್ಕದಲ್ಲಿ ಕೂತು, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನನ್ನ ಹಳೆಯ ನಗೆಹನಿ ಬಲ್ಲವರು ಆಗಲೇ ನಗಲು ಸಿದ್ಧರಾಗಿ ಈ ಕಡೆ ತಿರುಗಿದರು. ನನ್ನ ಬಾಯಿಯೂ ಅಭ್ಯಾಸಬಲದಿಂದ ತೆರೆಯಿತು. ವೆಯಿಟ್ಟು ಡೆಸ್ ಪ್ಲೇನ್ಸ್‌ನ ಆಫೀಸಿನ ಡ್ರಾಯರಿನಲ್ಲಿತ್ತು. ನಾನು ಖಾಲಿ ಕೈಯನ್ನೇ ಮುಚ್ಚಿ ಹಿಡಿದುಕೊಂಡೆ.

ಸ್ವಲ್ಪ ಹೊತ್ತು ಹಿಡಿಯುತ್ತದೆ, ಕೂತುಕೊಳ್ಳಿ ಎಂದು ಮೊದಲಿನಿಂದ ಶುರು ಮಾಡಿದೆ. ಮಣ್ಣಿನಿಂದ, ಬೀಜದಿಂದ, ಹುಳಿ ಯಾಕೆ ಬೇಕು, ಗಾಳಿ ಇದ್ದರೇನು, ಇಲ್ಲದಿದ್ದರೇನು, ತಣ್ಣನೆಯ ಜಾಗ ಎಲ್ಲಿರುತ್ತದೆ, ಮನೆಯ ಕುಕ್ಕರಿನಲ್ಲಿ ಯಾಕೆ ಮಾಡಬಾರದು. ಐದು ನಿಮಿಷಕ್ಕೆ ನಗಲು ಬಂದವರು ಹೋಳಿಗೆಯ ಕಡೆ ಹೋದರು. ಹತ್ತು ನಿಮಿಷಕ್ಕೆ ಹುಬ್ಬಳ್ಳಿಯ ಗಂಡ ಎದ್ದರು. ಹದಿನೈದಕ್ಕೆ ಹೆಂಡತಿಯೂ ಮಗು ಅಳುತ್ತಿದೆ ಎಂದು ಎದ್ದರು. ನನಗೆ ಕೇಳಿಸುವಂತೆ ಯಾವ ಮಗುವೂ ಅಳುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ. ಎದುರಿಗೆ ನೀಲಮ್ಮ ಆಂಟಿ ಒಬ್ಬರೇ ಉಳಿದರು, ಕೈ ಕಟ್ಟಿಕೊಂಡು, ಒಂದು ಮಾತನ್ನೂ ತಪ್ಪಿಸದೆ.

ಕೊನೆಯ ತನಕ ಕೇಳಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ನನ್ನ ತಟ್ಟೆ ತೆಗೆದುಕೊಂಡರು.

"ಈಗ ಬರೋಬ್ಬರಿ ಹೇಳಿದಿ ನೋಡು. ಏಳು, ಎಣ್ಣಿಗಾಯಿ ಬಿಸಿ ಮಾಡೀನಿ, ಉಣ್ಣು."